ಮೂರನೆಯ ಕರೆ

ಆ ಊರಿನಲ್ಲಿ ಟ್ರಾಂ ಇಳಿಯುವುದಕ್ಕೆ ಒಂದು ನಿಯಮವಿತ್ತು. ತನ್ನ ಸ್ವಂತ ನಿಲ್ದಾಣದಲ್ಲಿ ಯಾರು ಬೇಕಾದರೂ ಇಳಿಯಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಬೇರೆಯವರ ನಿಲ್ದಾಣದಲ್ಲಿ ಇಳಿಯಬೇಕಾದರೆ ಮಾತ್ರ ಆ ಮನೆಯವರೇ ಬಂದು ಕೆಳಗೆ ನಿಂತು ಬಾಯಿ ತುಂಬ ಕರೆಯಬೇಕು. ಕರೆದ ಕೂಡಲೇ ಇಳಿದುಬಿಡುವುದು ಲಕ್ಷಣವಲ್ಲ. ಮೊದಲನೆಯ ಕರೆ ಲೋಕಾಭಿರಾಮದ್ದು, ಎರಡನೆಯದು ಅಕ್ಕಪಕ್ಕದವರು ಕೇಳಲಿ ಎಂದು ಕರೆದದ್ದು, ಮೂರನೆಯದು ಮನಸ್ಸಿನಿಂದ ಬಂದದ್ದು ಎಂದು ಅಲ್ಲಿಯ ಹಿರಿಯರು ನಂಬಿದ್ದರು. ಆದ್ದರಿಂದ ಮರ್ಯಾದಸ್ಥರಾದವರು ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ಇಳಿಯಬೇಕು. ಇದರಲ್ಲಿ ತಪ್ಪೇನೂ ಇಲ್ಲ. ತೊಂದರೆ ಇದ್ದದ್ದು ಒಂದೇ: ಟ್ರಾಂ ಒಂದು ನಿಲ್ದಾಣದಲ್ಲಿ ನಿಲ್ಲುತ್ತಿದ್ದದ್ದು ಎರಡು ಕರೆ, ಎರಡು ಬೇಡ, ಇಷ್ಟು ಹೊತ್ತು ಮಾತ್ರ.

ಟ್ರಾಮನ್ನು ಕಟ್ಟಿಕೊಟ್ಟವರು ಬೇರೆ ಊರಿನವರು. ಒಬ್ಬ ಮನುಷ್ಯ ಮೆಟ್ಟಿಲಿಳಿಯಲು ಎಷ್ಟು ಹೊತ್ತು ಬೇಕೆಂದು ಅವರು ಗಡಿಯಾರ ಹಿಡಿದು ಅಳೆದಿದ್ದರು. ಮರ್ಯಾದಸ್ಥ ಮನುಷ್ಯ ಇಳಿಯಲು ಎಷ್ಟು ಹೊತ್ತು ಬೇಕೆಂದು ಅವರಿಗೆ ಯಾರೂ ಹೇಳಲಿಲ್ಲ. ಅಳತೆ ಮಾಡುತ್ತಿರುವವರ ನಡುವೆ ಬಾಯಿ ಹಾಕುವುದು ಚೆನ್ನಾಗಿರುವುದಿಲ್ಲವೆಂದು ಎಲ್ಲರೂ ಸುಮ್ಮನಿದ್ದರು. ಹೀಗಾಗಿ ಕರೆ ಒಂದು, ಬೇಡ ಒಂದು. ಕರೆ ಎರಡು, ಬೇಡ ಎರಡು. ಗಂಟೆ. ಚಕ್ರ ಉರುಳಿದ ಮೇಲೆ ಮೂರನೆಯ ಕರೆ ಕರೆಯುವವರ ಬಾಯಲ್ಲೇ ಉಳಿಯುತ್ತಿತ್ತು.

ನಿಲ್ಲುವ ಹೊತ್ತನ್ನು ಇನ್ನೊಂದು ಕರೆಯಷ್ಟು ಹೆಚ್ಚಿಸಬೇಕೆಂದು ಒಂದು ಸಮಿತಿ ಮಾಡಿದ್ದೂ ಉಂಟು. ಸಭೆ ಪುರಭವನದಲ್ಲಿ ಎಂದಾಯಿತು. ಸದಸ್ಯರೆಲ್ಲ ಟ್ರಾಮಿನಲ್ಲಿ ಬಂದರು. ಅಧ್ಯಕ್ಷರು ಕೆಳಗೆ ನಿಂತು ಕೈಮುಗಿದು ಕರೆದರು. ಸದಸ್ಯರು ಎರಡು ಸಲ ಬೇಡವೆಂದರು. ಟ್ರಾಂ ಹೊರಟಿತು. ಸಮಿತಿ ಈಗಲೂ ಇದೆ, ತಿಂಗಳಿಗೊಮ್ಮೆ ತಪ್ಪದೆ ಸಭೆಯ ಮುಂದೆ ಹಾದುಹೋಗುತ್ತದೆ.

ಹಾಗೆಂದು ಊರೇನೂ ಸೊರಗಿರಲಿಲ್ಲ. ಸೊಪ್ಪು, ತರಕಾರಿ, ಎಣ್ಣೆ ಎಲ್ಲ ಕಿಟಕಿಯಲ್ಲೇ ಕೈ ಬದಲಾಗುತ್ತಿದ್ದವು. ವೈದ್ಯರು ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು ಬರುತ್ತಿದ್ದರು, ರೋಗಿಗಳು ತಮ್ಮ ತಮ್ಮ ನಿಲ್ದಾಣದಲ್ಲಿ ನಾಲಗೆ ಚಾಚಿ ನಿಂತಿರುತ್ತಿದ್ದರು. ಹೆಣ್ಣು ನೋಡುವುದೂ ಕಿಟಕಿಯಲ್ಲೇ. ಒಪ್ಪಿಗೆಯಾದರೆ ಹುಡುಗಿಯ ಟ್ರಾಂ ಚೀಟಿಯಲ್ಲಿ ಅವಳ ಸ್ವಂತ ನಿಲ್ದಾಣದ ಹೆಸರು ಹೊಡೆದು ಬೇರೆ ಹೆಸರು ಬರೆಯುತ್ತಿದ್ದರು, ಅದೇ ಮದುವೆ. ಯಾರೂ ಇಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿದ್ದರಿಂದ ಕರೆಯುವುದರಲ್ಲಿ ಊರಿನವರದು ದೊಡ್ಡ ಕೈ. ಅರಮನೆಯ ಮುಂದೆ ರಾಜರೇ ಬಂದು ನಿಂತು ಊಟಕ್ಕೆ ಬನ್ನಿ ಎನ್ನುತ್ತಿದ್ದರು. ಅರಮನೆಯ ಅಡಿಗೆಯವರು ಮಾತ್ರ ಅನುಭವಸ್ಥರು, ಒಲೆ ಹಚ್ಚುತ್ತಿರಲಿಲ್ಲ.

ನಿಯಮಕ್ಕೆ ಒಂದೇ ಒಂದು ರಿಯಾಯಿತಿ ಇತ್ತು. ಸಾವಿನ ಮನೆಗೆ ಕರೆ ಬೇಡ. ಸತ್ತವರ ಮನೆಗೆ ಯಾರು ಬೇಕಾದರೂ ತಾವಾಗಿಯೇ ಇಳಿದು ಹೋಗಬಹುದು. ಆದ್ದರಿಂದ ಆ ಊರಿನಲ್ಲಿ ಜನ ತಮ್ಮ ಆಪ್ತರ ಮನೆಯ ಒಳಗನ್ನು ಕಾಣುತ್ತಿದ್ದದ್ದು ಆಪ್ತರು ಹೋದ ದಿನ.

ಇಂಥ ಊರಿನ ನಡುಮಧ್ಯದಲ್ಲಿ, ನೂಲುಪೇಟೆಯ ನಿಲ್ದಾಣದಲ್ಲಿ, ಒಬ್ಬ ಹೊಲಿಗೆಯಾಕೆ ಇದ್ದಳು. ಊರಿನ ಅರ್ಧ ಜನ ತೊಟ್ಟದ್ದು ಅವಳು ಹೊಲಿದ ಬಟ್ಟೆ. ಅವಳಿಗೆ ಒಬ್ಬಳೇ ತಂಗಿ. ತಾಯಿ ಇಲ್ಲದ ಆ ಮಗುವನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಇವಳೇ. ಹದಿನಾರು ತುಂಬಿದಾಗ ತಂಗಿಗೆ ಊರ ಹೊರಗಿನ ಸುಣ್ಣದ ಗೂಡಿನಲ್ಲಿ ಕೆಲಸ ಸಿಕ್ಕಿತು. ಚೀಟಿಯಲ್ಲಿ ನಿಲ್ದಾಣ ಬದಲಾಯಿತು. ತಂಗಿ ಅಲ್ಲೇ ಗೂಡಿನ ಪಕ್ಕದ ಮನೆಯಲ್ಲಿ ಒಂಟಿಯಾಗಿ ಉಳಿದಳು. ಇದಾಗಿ ಇಪ್ಪತ್ತೆರಡು ವರ್ಷ.

ಪ್ರತಿ ಶುಕ್ರವಾರ ಹೊಲಿಗೆಯಾಕೆ ಟ್ರಾಂ ಹತ್ತಿ ಸುಣ್ಣದ ಗೂಡಿಗೆ ಹೋಗುತ್ತಿದ್ದಳು. ತಂಗಿ ಕಲ್ಲುಕಂಬದ ಪಕ್ಕ ನಿಂತಿರುತ್ತಿದ್ದಳು.

“ಅಕ್ಕಾ, ಇಳಿಯಕ್ಕ. ಊಟ ಮಾಡ್ಕೊಂಡು ಹೋಗುವೆಯಂತೆ.”

“ಇರ್ಲಿ ಬಿಡೇ, ಇನ್ನೊಂದ್ಸಲ ಬರ್ತೀನಿ.”

“ಅಷ್ಟು ದೂರದಿಂದ ಬಂದಿದ್ದೀಯ, ಹಾಗೇ ಹೋಗ್ತಾರಾ? ಇಳಿ.”

“ಬೇಡ ಕಣೇ, ನಿಂಗ್ಯಾಕೆ ತೊಂದ್ರೆ.”

ಗಂಟೆ. ಟ್ರಾಂ ಹುಣಸೆಮರವನ್ನು ಸುತ್ತು ಹಾಕಿ ಬಂದ ದಾರಿಯಲ್ಲೇ ವಾಪಸು. ಇಪ್ಪತ್ತೆರಡು ವರ್ಷದ ಶುಕ್ರವಾರಗಳಲ್ಲಿ ಅಕ್ಕತಂಗಿಯರು ಆಡಿದ್ದು ಈ ನಾಲ್ಕು ಮಾತು. ನಡುವೆ ಹೊಲಿಗೆಯಾಕೆ ಕಿಟಕಿಯಿಂದ ಒಂದು ಗಂಟನ್ನು ಕೆಳಗೆ ಕೊಡುತ್ತಿದ್ದಳು, ಅದರಲ್ಲಿ ಕಣ್ಣಳತೆಯಲ್ಲೇ ಹೊಲಿದ ರವಿಕೆ ಇರುತ್ತಿತ್ತು.

ಇಬ್ಬರೂ ಟ್ರಾಮಿನಲ್ಲೇ ಜೊತೆಯಾಗಿ ಕೂತು ಮಾತಾಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕರೆಯಬೇಕಾದವಳೇ ಟ್ರಾಂ ಹತ್ತಿ ಕೂತರೆ, ನಮ್ಮ ಮನೆಗೆ ಬರಬೇಡಿ ಎಂದು ಅತಿಥಿಯ ಮುಖಕ್ಕೇ ಹೇಳಿದಂತೆ. ತಂಗಿ ಅಂಥವಳಲ್ಲ. ಅವಳನ್ನು ಬೆಳೆಸಿದವಳು ಅಕ್ಕ, ಚೆನ್ನಾಗಿ ಬೆಳೆಸಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಹೊಲಿಗೆಯಾಕೆ ಗುಂಡಿ ಕೊಳ್ಳಲು ಟ್ರಾಂ ಹತ್ತಿದಾಗ ವೈದ್ಯರು ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು.

“ನಿನ್ನೆ ನಿಮ್ಮ ತಂಗೀನ ನೋಡ್ದೆ. ಸುಣ್ಣದ ದೂಳು ಗಂಟಲಲ್ಲಿ ಕೂತ್ಬಿಟ್ಟಿದೆ ತಾಯಿ. ದನಿ ಇನ್ನು ನಾಲ್ಕೈದು ದಿನ. ದನಿ ಆದ್ಮೇಲೆ ಎದೆ.”

“ಎದೆ ಎಷ್ಟು ದಿನ?”

“ಮಳೆಗಾಲ ದಾಟಿದ್ರೆ ಪುಣ್ಯ.”

ಹೊಲಿಗೆಯಾಕೆಗೆ ಗುಂಡಿ ಕೊಳ್ಳುವುದು ಮರೆತುಹೋಯಿತು. ದನಿ ಹೋದರೆ ಕರೆ ಹೋಯಿತು. ದನಿಯಿಲ್ಲದ ಮನೆಗೆ ಅತಿಥಿ ಹೋಗುವಂತಿಲ್ಲ. ಎಂದರೆ ಬರುವ ಶುಕ್ರವಾರ ಇಳಿದರೆ ಇಳಿದಂತೆ. ಇಲ್ಲದಿದ್ದರೆ ತಂಗಿಯ ಮನೆಯನ್ನು ಅವಳು ನೋಡುವುದು ತಂಗಿ ಇಲ್ಲದ ಮೇಲೆ.

ಸುದ್ದಿ ಟ್ರಾಮಿನಲ್ಲಿ ಹರಡಲು ಹೊತ್ತು ಬೇಕಾಗಲಿಲ್ಲ. ಮೂಲೆ ಸೀಟಿನಲ್ಲಿ ಒಬ್ಬರು ಹಿರಿಯರು ಕೂರುತ್ತಿದ್ದರು. ರಾಜರ ಊಟದ ಕರೆಗೆ ಐವತ್ತು ವರ್ಷ ಬೇಡವೆಂದವರು, ಮರ್ಯಾದೆಯ ವಿಚಾರದಲ್ಲಿ ಊರಿಗೆ ಅವರದೇ ಕೊನೆಯ ಮಾತು. ಅವರು ಹೊಲಿಗೆಯಾಕೆಯ ಮುಖ ನೋಡಿ ನಿಜವಾಗಿಯೂ ಮರುಗಿದರು.

“ಸ್ವಲ್ಪ ತಾಳ್ಕೋಬೇಕಮ್ಮ. ಇನ್ನೇನು, ಮಳೆಗಾಲದ ತನಕ ತಾನೆ? ಆಮೇಲೆ ನಿಮ್ಮನ್ನ ತಡೆಯೋರು ಯಾರು? ಕರೆಯೇ ಬೇಡ, ಧಾರಾಳವಾಗಿ ಇಳೀಬಹುದು.”

“ಹೌದು ಸ್ವಾಮಿ, ದೊಡ್ಡ ಮಾತು,” ಎಂದು ಹೊಲಿಗೆಯಾಕೆ ಕೈಮುಗಿದಳು. ತನ್ನ ನಿಲ್ದಾಣದಲ್ಲಿ ಇಳಿದು ಮನೆ ಸೇರಿ, ಬಾಗಿಲು ಹಾಕಿಕೊಂಡು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅಳು ಅಕ್ಕಪಕ್ಕಕ್ಕೆ ಕೇಳಿಸಿದರೆ ಅವರು ಸಮಾಧಾನಕ್ಕೆ ಬರಬೇಕಾಗುತ್ತದೆ, ಅವರಿಗ್ಯಾಕೆ ತೊಂದರೆ.

ಊರಿನಲ್ಲಿ ಮೊದಲ ಕರೆಗೇ ಇಳಿದವನು ಒಬ್ಬನಿದ್ದ. ಎಣ್ಣೆಗಾಣದ ನಿಲ್ದಾಣದಲ್ಲಿ ಯಾರೋ ಬಾಯಿಮಾತಿಗೆ ಬನ್ನಿ ಎಂದಿದ್ದಕ್ಕೆ ಸರ್ರನೆ ಇಳಿದು ಹೋಗಿದ್ದ. ಅಂದಿನಿಂದ ಅವನಿಗೆ ಒಂದೇಕರೆಯವನು ಎಂದೇ ಹೆಸರು. ಅವನು ಕಿಟಕಿಯಲ್ಲಿ ಕಂಡರೆ ಸಾಕು, ನಿಲ್ದಾಣದ ಜನ ಬೆನ್ನು ತಿರುಗಿಸುತ್ತಿದ್ದರು. ಅವನನ್ನು ಯಾರೂ ಎಲ್ಲಿಗೂ ಕರೆಯುತ್ತಿರಲಿಲ್ಲ. ಇದು ಎಂಥ ಶಿಕ್ಷೆ ಎಂದು ಊರಿನ ತಾಯಂದಿರು ಮಕ್ಕಳಿಗೆ ತೋರಿಸಿ ಹೇಳುತ್ತಿದ್ದರು. ಕರೆಸಿಕೊಂಡ ಉಳಿದವರೂ ಎಲ್ಲಿಗೂ ಹೋಗುತ್ತಿರಲಿಲ್ಲವಲ್ಲ ಎಂದು ಯಾವ ಮಗುವೂ ಕೇಳಲಿಲ್ಲ, ಮಕ್ಕಳೂ ಮರ್ಯಾದಸ್ಥರೇ.

ಮಂಗಳವಾರ ಹೊಲಿಗೆಯಾಕೆ ಅವನ ಪಕ್ಕದ ಸೀಟಿನಲ್ಲಿ ಹೋಗಿ ಕೂತಳು. ಆ ಸೀಟು ಯಾವಾಗಲೂ ಖಾಲಿ.

“ಒಳಗೆ ಹೇಗಿತ್ತು?” ಎಂದು ಮೆಲ್ಲಗೆ ಕೇಳಿದಳು.

“ಏನಿರುತ್ತಮ್ಮ? ಒಂದು ಒಲೆ, ಎರಡು ಮಣೆ. ಸಾರಿಗೆ ಉಪ್ಪು ಜಾಸ್ತಿ ಬಿದ್ದಿತ್ತು.”

“ಮತ್ತೆ ಯಾಕೆ ಇಳಿದ್ರಿ?”

ಅವನು ಅವಳನ್ನೇ ನೋಡಿದ. “ಕರೆದ್ರಲ್ಲ,” ಎಂದ.

ಹೊಲಿಗೆಯಾಕೆ ಬುಧವಾರ ಯೋಚಿಸಿದಳು, ಗುರುವಾರ ಯೋಚಿಸಿದಳು. ಮೊದಲ ಕರೆಗೆ ಇಳಿದರೆ ತಾನು ಒಂದೇಕರೆಯವಳು. ತನ್ನ ಹೆಸರು ಹೋದರೆ ಹೋಗಲಿ, ಅಂಥವಳು ಬೆಳೆಸಿದ ತಂಗಿ ಎಂದು ಅವಳ ಹೆಸರೂ ಹೋಗುತ್ತದೆ. ಮೂರನೆಯ ಕರೆಗೆ ಕಾದರೆ ಟ್ರಾಂ ಕಾಯುವುದಿಲ್ಲ. ಬಟ್ಟೆ ಸಾಲದಿದ್ದಾಗ ತುಂಡು ಜೋಡಿಸಿ ಸರಿದೂಗಿಸುವುದು ಅವಳ ಕಸುಬು. ಇಲ್ಲೂ ಹಾಗೇ ಮಾಡಿದಳು. ಮೊದಲ ಕರೆಗೆ ಬೇಡ ಅನ್ನುವುದು, ಎರಡನೆಯ ಕರೆಗೆ ಇಳಿಯುವುದು. ಅರ್ಧ ಮರ್ಯಾದೆ ಉಳಿಯುತ್ತದೆ, ತಂಗಿಯ ಮನೆಯೂ ಸಿಗುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಆ ಊರಿನವರಿಗೆ ಯಾರಿಗೂ ಹೊಳೆಯುತ್ತಿರಲಿಲ್ಲ. ಅವಳಿಗೆ ಗುರುವಾರ ಒಳ್ಳೆಯ ನಿದ್ದೆ ಬಂತು.

ಶುಕ್ರವಾರ ಟ್ರಾಮಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಸುದ್ದಿ ತಿಳಿದವರೆಲ್ಲ ಊರು ನೋಡುವ ನೆಪ ಮಾಡಿಕೊಂಡು ಹತ್ತಿದ್ದರು. ನೂಲುಪೇಟೆ ಬಿಟ್ಟ ಟ್ರಾಂ ಹೂವಿನ ಕಟ್ಟೆಯಲ್ಲಿ ನಿಂತಿತು. ಹೂವಾಡಗಿತ್ತಿಯರು ಮೊಳ ಹಾಕುತ್ತಲೇ ಬನ್ನಿ ಬನ್ನಿ ಎಂದರು. ಬೇಡ, ಬೇಡ, ಗಂಟೆ. ಪುರಭವನದಲ್ಲಿ ಅಧ್ಯಕ್ಷರು ಕೈಮುಗಿದರು. ಬೇಡ, ಬೇಡ, ಗಂಟೆ. ಅರಮನೆಯ ಮುಂದೆ ರಾಜರು ಪೇಟ ಸರಿಮಾಡಿಕೊಂಡು, ಹೋಳಿಗೆಯ ಹೆಸರನ್ನೂ ಎತ್ತಿ ಕರೆದರು. ಮೂಲೆ ಸೀಟಿನ ಹಿರಿಯರು ಎದ್ದು ನಿಂತು, ಇಡೀ ಟ್ರಾಮಿನ ಪರವಾಗಿ ಎರಡು ಸಲ ಬೇಡವೆಂದು ಕೂತರು. ಗಂಟೆ.

ಎಣ್ಣೆಗಾಣ ದಾಟಿದ ಮೇಲೆ ಮನೆಗಳು ಕುಳ್ಳಗಾದವು. ಕೆರೆ ಏರಿಯ ಮೇಲೆ ಟ್ರಾಂ ನಿಧಾನವಾಯಿತು. ಅಗಸರ ಹೆಂಗಸರು ಒದ್ದೆ ಬಟ್ಟೆ ಹಿಂಡುತ್ತ ನಿಂತು, ಕೆರೆಯ ಆಚೆ ದಂಡೆಗೂ ಕೇಳುವ ಹಾಗೆ ಕರೆದರು. ಅವರದು ದೊಡ್ಡ ಗಂಟಲು, ಹೊಲಿಗೆಯಾಕೆಗೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು. ಆಮೇಲೆ ಜೋಳದ ಹೊಲ, ಹಾಳು ಬಾವಿ, ಮತ್ತೆ ಹೊಲ. ಹೊಲದ ನಡುವಿನ ಒಂಟಿ ನಿಲ್ದಾಣದಲ್ಲಿ ಒಬ್ಬ ಕುರಿಕಾಯುವವನು ಮಾತ್ರ ಇದ್ದ. ಅವನಿಗೆ ಮನೆಯೇ ಇರಲಿಲ್ಲ. ಅವನೂ ಬನ್ನಿ ಎಂದ. ಬೇಡ, ಬೇಡ, ಗಂಟೆ.

ದೂರದಲ್ಲಿ ಸುಣ್ಣದ ಗೂಡಿನ ಬಿಳಿ ಹೊಗೆ ಕಂಡಿತು. ಹೊಲಿಗೆಯಾಕೆ ಗಂಟನ್ನು ಮಡಿಲಿಗೆಳೆದುಕೊಂಡಳು. ಕಂಡಕ್ಟರ್ ಗಂಟೆಯ ಹಗ್ಗ ಹಿಡಿದು ಬಾಗಿಲಲ್ಲಿ ನಿಂತ. ಅವನೂ ಅವಳು ಹೊಲಿದ ಅಂಗಿಯನ್ನೇ ತೊಟ್ಟಿದ್ದ.

ತಂಗಿ ಕಲ್ಲುಕಂಬಕ್ಕೆ ಒರಗಿ ನಿಂತಿದ್ದಳು. ರೆಪ್ಪೆಯ ಮೇಲೂ ಸುಣ್ಣ. ಟ್ರಾಂ ನಿಂತ ಕೂಡಲೇ ಅವಳು ಕಂಬ ಬಿಟ್ಟು ನೆಟ್ಟಗಾದಳು, ಎರಡೂ ಕೈಗಳಿಂದ ಹೊಟ್ಟೆಯನ್ನು ಒತ್ತಿ ಹಿಡಿದಳು.

“ಅಕ್ಕಾ, ಇಳಿಯಕ್ಕ. ಊಟ ಮಾಡ್ಕೊಂಡು ಹೋಗುವೆಯಂತೆ.”

ದನಿ ನೂಲಿನೆಳೆಯಷ್ಟಿತ್ತು. ಆದರೂ ಇಡೀ ಟ್ರಾಮಿಗೆ ಕೇಳಿಸಿತು, ಏಕೆಂದರೆ ಯಾರೂ ಉಸಿರಾಡುತ್ತಿರಲಿಲ್ಲ. ಹೊಲಿಗೆಯಾಕೆ ಆಗಲೇ ಸೀಟಿನಿಂದ ಅರ್ಧ ಎದ್ದಿದ್ದಳು. ಮುಗುಳ್ನಕ್ಕು, ಚೆಂದವಾಗಿ, ತನ್ನ ಪಾಲಿನ ಮಾತನ್ನು ಹೇಳಿದಳು.

“ಇರ್ಲಿ ಬಿಡೇ, ಇನ್ನೊಂದ್ಸಲ ಬರ್ತೀನಿ.”

ತಂಗಿ ಎರಡನೆಯ ಸಲ ಬಾಯಿ ತೆರೆದಳು. ತುಟಿ ಆಡಿತು, ಕತ್ತಿನ ನರ ಉಬ್ಬಿತು, ದನಿ ಬರಲಿಲ್ಲ. ಮತ್ತೊಮ್ಮೆ ತೆರೆದಳು. ಬರೀ ಗಾಳಿ. ಅವಳು ಗಂಟಲ ಮೇಲೆ ಕೈಯಿಟ್ಟುಕೊಂಡು ಅಕ್ಕನನ್ನೇ ನೋಡಿದಳು.

ಹೊಲಿಗೆಯಾಕೆಗೆ ಆಗ ಅರ್ಥವಾಯಿತು. ನಾಲ್ಕು ದಿನದಿಂದ ಯಾರೊಂದಿಗೂ ಮಾತಾಡದೆ ಕಾಪಾಡಿಟ್ಟುಕೊಂಡಿದ್ದ ದನಿಯನ್ನೆಲ್ಲ ತಂಗಿ ಮೊದಲ ಕರೆಗೇ ಸುರಿದುಬಿಟ್ಟಿದ್ದಳು. ಅದೇ ಮನಸ್ಸಿನ ಕರೆಯಾಗಿತ್ತು. ತಾನು ಅದನ್ನು ಲೋಕಾಭಿರಾಮವೆಂದುಕೊಂಡು ಇರ್ಲಿ ಬಿಡೇ ಅಂದಿದ್ದಳು. ತನ್ನ ಬಾಯನ್ನು ಕಿತ್ತು ಬಿಸಾಡಬೇಕು ಅನ್ನಿಸಿತು ಅವಳಿಗೆ. ಆ ಒಂದು ಮಾತಿಗಾಗಿ ಅವಳು ತನ್ನನ್ನು ಜೀವಮಾನದಲ್ಲಿ ಕ್ಷಮಿಸಿಕೊಳ್ಳಲಿಲ್ಲ.

“ಎರಡನೇ ಕರೆ ಬಂತಾ?” ಎಂದು ಕಂಡಕ್ಟರ್ ಕೇಳಿದ. ಕೇಳುವುದು ಅವನ ಕೆಲಸ.

“ಬಂದಿಲ್ಲ,” ಎಂದರು ಮೂಲೆ ಸೀಟಿನ ಹಿರಿಯರು. ಅವರ ದನಿಯಲ್ಲಿ ಕನಿಕರವಿತ್ತು.

“ಅಮ್ಮಾ, ಕರೆ ಬಂದಿಲ್ಲ. ಕೂತ್ಕೊಳ್ಳಿ, ಗಂಟೆ ಹೊಡೀಬೇಕು.”

“ಇಲ್ಲಪ್ಪ, ಬಂದಿಲ್ಲ,” ಎಂದಳು ಹೊಲಿಗೆಯಾಕೆ. ಅವಳು ಬಾಗಿಲ ಹತ್ತಿರ ಬಂದಾಗಿತ್ತು. “ಅವಳು ಕರೀಲಿಲ್ಲ. ನಾನೇ ಇಳೀತಿದ್ದೀನಿ.”

ಮೆಟ್ಟಿಲು ಮೂರೇ ಇದ್ದವು. ಅವಳು ಮೂರನ್ನೂ ಇಳಿದಳು.

ಮೊದಲ ಕರೆಗೆ ಇಳಿದವನಿಗೆ ಊರಿನಲ್ಲಿ ಹೆಸರಿತ್ತು. ಕರೆಯೇ ಇಲ್ಲದೆ, ಜೀವ ಇರುವವರ ಮನೆಗೆ ಇಳಿದವರಿಗೆ ಹೆಸರೇ ಇರಲಿಲ್ಲ. ಕಂಡಕ್ಟರ್ ಗಂಟೆ ಹೊಡೆಯುವುದನ್ನು ಮರೆತ. ಟ್ರಾಂ ಇನ್ನೂ ಒಂದು ಕರೆಯಷ್ಟು ಹೊತ್ತು, ಇತಿಹಾಸದಲ್ಲಿ ಮೊದಲ ಸಲ, ಸುಮ್ಮನೆ ನಿಂತಿತ್ತು.

ಆಮೇಲೆ ಟ್ರಾಮಿನಲ್ಲಿ ನಡೆದದ್ದು ಹೊಲಿಗೆಯಾಕೆಗೆ ಬಹಳ ದಿನದ ಮೇಲೆ ತಿಳಿಯಿತು. ಹುಣಸೆಮರದ ಸುತ್ತು ಮುಗಿಯುವ ತನಕ ಎಲ್ಲರೂ ತಮ್ಮ ತಮ್ಮ ಅಂಗಿ ರವಿಕೆಗಳನ್ನೇ ನೋಡಿಕೊಂಡರಂತೆ. ಊರಿನ ಅರ್ಧ ಜನರ ಮೈಮೇಲೆ ಅವಳ ಹೊಲಿಗೆ. ಅವಳು ಮರ್ಯಾದೆಗೆಟ್ಟವಳಾದರೆ ಉಳಿದವರು ತೊಟ್ಟದ್ದೇನು? ಹಿರಿಯರು ಗಂಟಲು ಸರಿಮಾಡಿಕೊಂಡು, “ನಂಗೆ ಕೇಳಿಸ್ತು. ಮೂರು ಸಲ ಕರೆದ್ಲು,” ಎಂದರಂತೆ. ಕೂಡಲೇ ಎಲ್ಲರಿಗೂ ಕೇಳಿಸಿತ್ತು. ಅರಮನೆಯ ಹತ್ತಿರ ಬರುವಷ್ಟರಲ್ಲಿ ಕರೆ ನಾಲ್ಕಾಗಿತ್ತು, ನೂಲುಪೇಟೆಯಲ್ಲಿ ಐದು. ತನಗೆ ಕೇಳಿಸಿದ್ದು ಒಂದೇ ಕರೆ ಎಂದವನು ಒಂದೇಕರೆಯವನೊಬ್ಬನೇ. ಅವನ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ಊರಿನ ನಿಯಮ ಕೂದಲೂ ಕೊಂಕದೆ ಉಳಿಯಿತು.

ಕೆಳಗೆ ಮಣ್ಣಿನ ಮೇಲೆ ನಿಂತಾಗ ಹೊಲಿಗೆಯಾಕೆಗೆ ಮೊದಲು ಕಂಡದ್ದು, ತಂಗಿ ತನಗಿಂತ ಒಂದು ಗೇಣು ಎತ್ತರ ಎಂಬುದು. ಇಷ್ಟು ವರ್ಷ ಮೇಲಿನಿಂದ ನೋಡಿ ನೋಡಿ, ಅವಳು ಇನ್ನೂ ಹದಿನಾರರ ಹುಡುಗಿಯಷ್ಟೇ ಇದ್ದಾಳೆಂದುಕೊಂಡಿದ್ದಳು. ಆ ಅಳತೆಗೇ ರವಿಕೆ ಹೊಲಿದಿದ್ದಳು. ಒಂದೂ ಅವಳಿಗೆ ಹಿಡಿದಿರಲಾರದು. ತಂಗಿ ಅದನ್ನು ಒಂದು ದಿನವೂ ಹೇಳಿರಲಿಲ್ಲ.

ತಂಗಿ ಅವಳ ಕೈಹಿಡಿದುಕೊಂಡು ಹೋದಳು. ಮನೆ ಹತ್ತು ಹೆಜ್ಜೆಯಲ್ಲಿತ್ತು. ಒಂದೇ ಕೋಣೆ, ಸುಣ್ಣ ಬಳಿದ ಗೋಡೆ, ಮೂಲೆಯಲ್ಲಿ ಒಲೆ. ಒಲೆ ಉರಿಯುತ್ತಿತ್ತು. ಅದರ ಮೇಲಿನ ಪಾತ್ರೆ ಒಂಟಿ ಹೆಂಗಸಿಗೆ ಬೇಕಾಗುವಂಥದ್ದಲ್ಲ. ಅದರ ತಳ ಕಪ್ಪಾಗಿ, ಅಂಚು ಸವೆದುಹೋಗಿತ್ತು. ಇಪ್ಪತ್ತೆರಡು ವರ್ಷ, ಶುಕ್ರವಾರ ಬಂದರೆ ಈ ಮನೆಯಲ್ಲಿ ತಂಗಿ ಇಬ್ಬರಿಗೆ ಅಕ್ಕಿ ಹಾಕಿದ್ದಳು. ಊರಿನಲ್ಲಿ ಯಾರೂ ಮಾಡದ ಕೆಲಸ ಇದು. ಹೊಲಿಗೆಯಾಕೆ ಗೋಡೆ ಹಿಡಿದು ಕೂತಳು.

ತಂಗಿ ಎಲೆ ಹಾಕಿದಳು. ಅನ್ನ ಬಡಿಸಿದಳು, ಸೊಪ್ಪಿನ ಸಾರು ಬಡಿಸಿದಳು. ಎರಡು ತುತ್ತು ಇಳಿದಿರಬೇಕು, ತಂಗಿ ಮತ್ತೆ ಅನ್ನದ ಸೌಟು ತಂದಳು. ಹೊಲಿಗೆಯಾಕೆಯ ಎಡಗೈ ತಾನಾಗಿಯೇ ಎಲೆಗೆ ಅಡ್ಡ ಬಂತು.

“ಸಾಕು ಕಣೇ, ಸಾಕು.”

ಬೇರೆ ಯಾರಾದರೂ ಆಗಿದ್ದರೆ, ಏನಕ್ಕ, ಏನೂ ತಿಂದೇ ಇಲ್ಲ ನೀನು, ಹಾಕಿಸ್ಕೋ ಎನ್ನುತ್ತಿದ್ದರು. ಇವಳು ಮತ್ತೆ ಸಾಕು ಎನ್ನಬೇಕಿತ್ತು, ಅವರು ಮತ್ತೆ ಒತ್ತಾಯ ಮಾಡಬೇಕಿತ್ತು. ತಂಗಿಗೆ ಒತ್ತಾಯ ಮಾಡಲು ದನಿಯಿರಲಿಲ್ಲ. ಅವಳು ಸೌಟು ಹಿಡಿದುಕೊಂಡು ಸ್ವಲ್ಪ ಹೊತ್ತು ಅಕ್ಕನ ಮುಖ ನೋಡಿದಳು. ಆಮೇಲೆ ಸೌಟನ್ನು ಪಾತ್ರೆಯ ಕಡೆಗೆ ಹಿಂದಕ್ಕೆ ತೆಗೆದುಕೊಂಡು ಹೋದಳು.

ಹೊಲಿಗೆಯಾಕೆ ಅಡ್ಡವಿಟ್ಟ ಕೈಯನ್ನು ನೋಡಿದಳು. ಅದನ್ನು ತೆಗೆಯಲು ಅವಳಿಗೆ ಟ್ರಾಂ ಇಳಿದದ್ದಕ್ಕಿಂತ ಹೆಚ್ಚು ಕಷ್ಟವಾಯಿತು. ಮುಖ ಕೆಂಪಾಯಿತು, ಕಿವಿ ಬಿಸಿಯಾಯಿತು. ಆದರೂ ತೆಗೆದಳು.

“ಹಾಕೇ,” ಎಂದಳು. “ಇನ್ನೂ ಹಾಕು. ನಂಗೆ ತುಂಬ ಹಸಿವಾಗಿದೆ.”